ಅಳತೆ ಮೇಸ್ತ್ರಿ ಹೇಳಿದ ಒಂದೇ ಸುಳ್ಳು

ನನ್ನ ತಮ್ಮನಿಗೆ ಸುಳ್ಳು ಹೇಳಲು ಬರುವುದಿಲ್ಲ. ಇದನ್ನು ಹೊಗಳಿಕೆ ಎಂದು ಯಾರೂ ತಿಳಿಯಬೇಡಿ. ಕೆಲವರಿಗೆ ಈಜು ಬರುವುದಿಲ್ಲ, ಕೆಲವರಿಗೆ ಸೈಕಲ್ ಬರುವುದಿಲ್ಲ, ಇವನಿಗೆ ಸುಳ್ಳು ಬರುವುದಿಲ್ಲ, ಅಷ್ಟೇ. ಶಾಲೆಯಲ್ಲಿ ಅವನ ಲೆಕ್ಕ ನಾನು ಮಾಡಿಕೊಟ್ಟರೆ ಮೇಷ್ಟ್ರು ಬಾಯಿ ತೆರೆಯುವ ಮೊದಲೇ, “ಅಕ್ಕ ಮಾಡಿಕೊಟ್ಟಳು ಸಾರ್, ಮೂರನೇದು ಮಾತ್ರ ನಂದು, ಅದು ತಪ್ಪಿರಬಹುದು” ಎಂದು ಒಪ್ಪಿಸಿ ನನಗೂ ಪೆಟ್ಟು ತಿನ್ನಿಸುತ್ತಿದ್ದ. ಮದುವೆಯಾಗಲಿದ್ದ ಹುಡುಗಿ ವಯಸ್ಸೆಷ್ಟು ಎಂದು ಕೇಳಿದ್ದಕ್ಕೆ, “ಮೂವತ್ತೊಂದು ವರ್ಷ ಏಳು ತಿಂಗಳು, ಒಂದು ದವಡೆ ಹಲ್ಲಿಲ್ಲ” ಎಂದವನು ಅವನು. ಆ ಹುಡುಗಿ ನಕ್ಕು ಒಪ್ಪಿಕೊಂಡಳಲ್ಲ, ಅವಳ ದೊಡ್ಡತನ.

ಬೀದಿಗೆಲ್ಲ ಅವನು ಅಳತೆ ಮೇಸ್ತ್ರಿ. ಗುದ್ದಿಸಿಕೊಂಡು ಬಂದ ವ್ಯಾನು, ಲಾರಿ, ಕಾರುಗಳ ತಗಡು ಎತ್ತುವುದು, ತುಕ್ಕು ಹಿಡಿದ ಕಡೆ ಕತ್ತರಿಸಿ ಹೊಸ ತಗಡು ಬೆಸೆಯುವುದು ಅವನ ಕಸುಬು. ಬೇರೆಯವರು ಕಣ್ಣಳತೆಯಲ್ಲಿ ಬಡಿದು ಮುಗಿಸುವುದನ್ನು ಇವನು ಮೂರು ಸಲ ಅಳೆದು, ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆದು, ನಾಲ್ಕನೇ ಸಲ ಅಳೆದ ಮೇಲೆ ಕತ್ತರಿ ಹಿಡಿಯುತ್ತಿದ್ದ. ಗಿರಾಕಿ, “ನಿಲ್ಲಿಸಿದ್ದ ಗಾಡಿಗೆ ಯಾರೋ ಗುದ್ದಿಬಿಟ್ರು” ಎಂದರೆ, “ಇಲ್ಲ ಸಾರ್, ನೀವೇ ಹಿಂದಕ್ಕೆ ತಗೊಳ್ಳೋವಾಗ ಕಂಬಕ್ಕೆ ಕೊಟ್ಟಿದೀರ, ಚೌಕಾಕಾರದ ಕಂಬ” ಎಂದು ಅವರ ಹೆಂಡತಿಯ ಎದುರಲ್ಲೇ ಹೇಳುತ್ತಿದ್ದ. ಹೀಗೆ ಎಷ್ಟು ಗಿರಾಕಿಗಳು ಮುಖ ತಿರುಗಿಸಿಕೊಂಡು ಹೋದರೋ ದೇವರಿಗೇ ಗೊತ್ತು.

ನಾನು ಅವನಿಗಿಂತ ಆರು ವರ್ಷ ದೊಡ್ಡವಳು. ಅದೇ ಶೆಡ್ಡಿನಲ್ಲಿ ತಗಡಿನ ಅಡ್ಡಗೋಡೆಯ ಈಚೆಗೆ ಕೂತು ಗಾಡಿಗಳ ಸೀಟು ಹೊಲಿಯುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ಕಲಿತ ವಿದ್ಯೆ. ರೆಕ್ಸಿನ್ನು, ಸ್ಪಂಜು, ಮೇಣ ಹಚ್ಚಿದ ದಾರ, ಕೊಕ್ಕೆಯಂತೆ ಬಾಗಿದ ಸೂಜಿ, ಇಷ್ಟೇ ನನ್ನ ಆಸ್ತಿ. ಉದ್ದನೆಯ ಹೊಲಿಗೆ ಯಂತ್ರದಲ್ಲಿ ಆಗುತ್ತದೆ, ಕೊನೆಯ ಅಂಚನ್ನು ಮಾತ್ರ ಕೈಯಲ್ಲೇ ಮುಚ್ಚಬೇಕು. ನಾನು ಎಡಚಿ. ಶೆಡ್ಡಿನ ಮೇಲೆ ಎರಡು ಕೋಣೆ. ತಮ್ಮ, ಅವನ ಹೆಂಡತಿ, ಆರು ವರ್ಷದ ಮಗಳು, ನಾನು. ಅಮ್ಮ ಹೋದಾಗ ಅವನಿಗೆ ಒಂಬತ್ತು ವರ್ಷ. ಅಂದಿನಿಂದ ನಾನು ಹಾಕಿದ ಗೆರೆ ಅವನು ದಾಟಿದವನಲ್ಲ. ಅದು ನನಗೆ ಹೆಮ್ಮೆಯಾಗಿತ್ತು.

ಆಗ ಬಂದ ಬಿಳಿ ಅಂಗಿ. ಗ್ರೀಸು, ಕಬ್ಬಿಣದ ಪುಡಿ ತುಂಬಿದ ನಮ್ಮ ಶೆಡ್ಡಿಗೆ ಒಂದು ಸುಕ್ಕೂ ಇಲ್ಲದ ಬಿಳಿ ಅಂಗಿ ತೊಟ್ಟು ಬಂದು, ಹಾಗೇ ಒಂದು ಕಲೆಯೂ ಇಲ್ಲದೆ ಹಿಂದಿರುಗುತ್ತಿದ್ದ ಮನುಷ್ಯ. ವ್ಯಾನಿನ ಹಿಂದಿನ ಸೀಟಿನಡಿ ಒಂದು ಡಬ್ಬ ಬೇಕು, ಹೊರಗಿನಿಂದ ಕಾಣಬಾರದು ಎಂದ. ಒಡವೆ ಅಂಗಡಿಗಳಿಗೆ ಮಾಲು ಸಾಗಿಸುತ್ತೇನೆ, ದಾರಿಯಲ್ಲಿ ಕಳ್ಳರ ಕಾಟ ಎಂದು ಕಾರಣ ಕೊಟ್ಟ. ತಮ್ಮ ಅಳೆದು ಡಬ್ಬ ಮಾಡಿದ, ಅದರ ಮೇಲಿನ ಸೀಟು ನಾನು ಹೊಲಿದೆ. ಬಿಚ್ಚಿ ಹಾಕಬಹುದು, ಆದರೆ ಬಿಚ್ಚಿದ್ದು ಗೊತ್ತಾಗಬಾರದು, ಅಂಥ ಅಂಚು.

ಬಿಳಿ ಅಂಗಿ ಆ ಅಂಚಿನ ಮೇಲೆ ಬೆರಳಾಡಿಸಿ, “ಅಕ್ಕಾ, ಇದು ಹೊಲಿಗೆ ಅಲ್ಲ, ಕಲೆ” ಎಂದ. ನಗಬೇಡಿ. ಹದಿನೇಳು ವರ್ಷದಿಂದ ಸೀಟು ಹೊಲಿಯುತ್ತಿದ್ದೆ. ಸೀಟಿಗೆ ಯಾರು ಶಾಭಾಷ್ ಹೇಳುತ್ತಾರೆ? ಎಲ್ಲರೂ ಅದರ ಮೇಲೆ ಕೂರುತ್ತಾರೆ. ನಾನು ಆ ಒಂದು ಮಾತಿಗೆ ಉಬ್ಬಿಹೋದೆ. ಹೊಗಳಿ ಹೊನ್ನಶೂಲಕ್ಕೆ ಏರಿಸುವುದು ಎಂದರೆ ಇದೇ ಎಂದು ಆಮೇಲೆ ತಿಳಿಯಿತು.

ಮೂರನೇ ವ್ಯಾನು ರಿಪೇರಿಗೆ ವಾಪಸ್ಸು ಬಂತು. ಡಬ್ಬದ ಮುಚ್ಚಳ ಸಿಕ್ಕಿಹಾಕಿಕೊಳ್ಳುತ್ತಿತ್ತು. ತಮ್ಮ ಕೀಲು ಬಿಚ್ಚಿದರೆ ಒಳಗೆ ಹರಿದ ಪ್ಲಾಸ್ಟಿಕ್ಕಿನ ಚೂರು, ಅದರ ತುದಿಯಲ್ಲಿ ಬಿಳಿ ಪುಡಿ. ಅವನು ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ಅಡ್ಡಗೋಡೆಯ ಈಚೆ ಬಂದ.

“ಅಕ್ಕಾ, ಇದು ಒಡವೆ ಅಲ್ಲ.”

ನಾನು ಸೂಜಿಯಿಂದ ಕಣ್ಣೆತ್ತಲಿಲ್ಲ. “ಅದು ಸಕ್ಕರೆಯೋ ಸುಣ್ಣವೋ ನೋಡೋಕೆ ನೀನೇನು ಪೊಲೀಸಾ? ಡಬ್ಬ ಮಾಡೋದು ನಿನ್ನ ಕೆಲಸ, ಡಬ್ಬದೊಳಗೆ ಇಣುಕೋದಲ್ಲ. ಹೋಗು, ಮುಚ್ಚಳ ಸರಿಮಾಡು.”

ಅವನು ಕೈ ತೊಳೆದುಕೊಂಡು ಹೋಗಿ ಮುಚ್ಚಳ ಸರಿಮಾಡಿದ. ಅದಾದ ಮೇಲೆ ಇನ್ನೂ ನಾಲ್ಕು ವ್ಯಾನು ಬಂದವು, ನಾಲ್ಕೂ ಮಾಡಿಕೊಟ್ಟೆವು. ಒಟ್ಟು ಏಳು.

ಏಳನೆಯದು ಹೆದ್ದಾರಿಯಲ್ಲಿ ಸಿಕ್ಕಿಬಿತ್ತು. ಚಾಲಕ ಮೊದಲ ಏಟಿಗೇ ನಮ್ಮ ಶೆಡ್ಡಿನ ಗುರುತು ಹೇಳಿದ. ನಾನು ರೆಕ್ಸಿನ್ ಅಂಗಡಿಗೆ ಹೋಗಿ ಸುರುಳಿ ಹೊತ್ತುಕೊಂಡು ಬರುವಷ್ಟರಲ್ಲಿ ಶೆಟರು ಅರ್ಧ ಇಳಿದಿತ್ತು, ತಮ್ಮನ ಹೆಂಡತಿ ಮೆಟ್ಟಿಲ ಮೇಲೆ ಕೂತು ಮಗಳ ಕಿವಿ ಎರಡೂ ಕೈಯಲ್ಲಿ ಮುಚ್ಚಿ ಹಿಡಿದಿದ್ದಳು. ತಮ್ಮನನ್ನು ಕರೆದುಕೊಂಡು ಹೋಗಿ ಒಂದು ಗಂಟೆಯಾಗಿತ್ತು. ಸಂಜೆಗೆ ಮೀಸೆಯ ಅಧಿಕಾರಿಯೊಬ್ಬ ಬಂದು ನನ್ನ ಮುಂದೆಯೇ ಸ್ಟೂಲು ಎಳೆದುಕೊಂಡು ಕೂತ.

“ಸೀಟೂ ನಾನೇ ಹೊಲಿದೆ, ಅಕ್ಕನಿಗೆ ಏನೂ ಗೊತ್ತಿಲ್ಲ, ಅವಳು ಬೇರೆ ಗಿರಾಕಿಗಳ ಕೆಲಸ ಮಾತ್ರ ಮಾಡ್ತಾಳೆ ಅಂತ ಅವನು ಬರೆದುಕೊಟ್ಟಿದಾನೆ. ನೀವೇನಂತೀರಿ?”

ಹುಟ್ಟಿದಾಗಿನಿಂದ ಅವನು ಹೇಳಿದ ಮೊದಲ ಸುಳ್ಳನ್ನು ನಾನು ಕೇಳಿದ್ದು ಒಬ್ಬ ಪೊಲೀಸಿನವನ ಬಾಯಲ್ಲಿ. ಆಗಲೇ, ಅಲ್ಲೇ, “ಇಲ್ಲ ಸ್ವಾಮಿ, ಹೊಲಿದವಳು ನಾನು” ಎನ್ನಬೇಕಿತ್ತು. ಎನ್ನಲಿಲ್ಲ. “ಅವನು ಹೇಳಿದ್ದೇ ಸರಿ” ಎಂದೆ. ಹೆದರಿಕೆ ಎನ್ನಿ, ಹೇಡಿತನ ಎನ್ನಿ. ಅಧಿಕಾರಿ ಹೋದ ಮೇಲೆ ನನಗೆ ಮೊದಲು ಆದದ್ದು ಸಮಾಧಾನ, ನಾಚಿಕೆ ಬಂದದ್ದು ಎರಡನೆಯದಾಗಿ. ಇದನ್ನು ಹೇಳಲೇಬೇಕು.

ಕೋರ್ಟಿನವರು ತಮ್ಮನಿಗೆ ಒಬ್ಬ ವಕೀಲನನ್ನು ಕೊಟ್ಟರು. ಪೆನ್ನಿನ ಮುಚ್ಚಳ ಸದಾ ಹಲ್ಲಲ್ಲಿ ಕಚ್ಚಿಕೊಂಡಿರುವ ಎಳೆಯ ವಕೀಲ. ಮುಖ ನೋಡಿ, ಇವನೇನು ಕಿಸಿದಾನು ಎಂದುಕೊಂಡೆ. ಹದಿನೈದು ದಿನದಲ್ಲಿ ಅವನೇ ಒಂದು ಒಪ್ಪಂದ ತಂದ.

“ನೋಡಿ ಅಕ್ಕಾ, ಸರ್ಕಾರಿ ವಕೀಲರಿಗೆ ಬೇಕಾಗಿರೋದು ಬಿಳಿ ಅಂಗಿ. ಅವನು, ಆ ಶೆಡ್ಡನ್ನೇ ನಾನು ಕಂಡಿಲ್ಲ, ಈ ಮೇಸ್ತ್ರಿ ಯಾರೋ ಗೊತ್ತಿಲ್ಲ ಅಂತ ಕೂತಿದಾನೆ. ನಿಮ್ಮ ತಮ್ಮ ಕಟಕಟೆ ಹತ್ತಿ, ಯಾವ ವ್ಯಾನು, ಯಾವ ಡಬ್ಬ, ಯಾರು ಮಾಡಿಸಿದ್ದು, ಎಲ್ಲ ಹೇಳಿದ್ರೆ ಇವನ ಶಿಕ್ಷೆ ಮೂರು ವರ್ಷಕ್ಕೆ ಇಳಿಯುತ್ತೆ. ಇಲ್ಲದಿದ್ರೆ ಹದಿನೈದು.”

“ಹೇಳ್ತಾನೆ ಬಿಡಿ. ಅವನಿಗೆ ಹೇಳದೇ ಇರೋದೇ ಕಷ್ಟ.”

“ಒಂದು ಷರತ್ತಿದೆ.” ಮುಚ್ಚಳವನ್ನು ಬಾಯಿಂದ ತೆಗೆದ. “ಪೂರ್ತಿ ಸತ್ಯ ಹೇಳಬೇಕು. ಒಂದೇ ಒಂದು ಸುಳ್ಳು ಹೇಳಿದ್ರೂ, ಒಬ್ಬರೇ ಒಬ್ಬರನ್ನ ಮುಚ್ಚಿಟ್ರೂ ಒಪ್ಪಂದ ಹರಿದು ಹಾಕ್ತಾರೆ. ಹರಿದ ಮೇಲೆ ಇವನು ಒಪ್ಪಿಕೊಂಡಿದ್ದೆಲ್ಲ ಇವನ ಮೇಲೇ ತಿರುಗುತ್ತೆ. ಆಗ ಹದಿನೈದರಲ್ಲಿ ಒಂದು ದಿನವೂ ಕಮ್ಮಿ ಆಗಲ್ಲ.”

ಮಗಳಿಗೆ ಆರು ವರ್ಷ. ಮೂರು ಕೂಡಿದರೆ ಒಂಬತ್ತು. ಹದಿನೈದು ಕೂಡಿದರೆ ಇಪ್ಪತ್ತೊಂದು. ವಕೀಲ ಇನ್ನೂ ಏನೇನೋ ಹೇಳುತ್ತಿದ್ದ, ನನ್ನ ಕಿವಿಗೆ ಹೋದದ್ದು ಇಷ್ಟು ಲೆಕ್ಕ ಮಾತ್ರ.

ಜೈಲಿನ ಭೇಟಿ ಕೋಣೆಯಲ್ಲಿ ಉದ್ದಕ್ಕೂ ಒಂದು ಗಾಜು. ಆಚೆ ಅವರು, ಈಚೆ ನಾವು. ಗಾಜಿನ ಕೆಳಗೆ ತೂತುಗಳಿರುವ ತಗಡು, ಮಾತು ಅದರೊಳಗಿಂದ. ಹತ್ತು ಮನೆಯವರು ಒಟ್ಟಿಗೆ ಕೂಗಾಡುವ ಗಲಾಟೆಯಲ್ಲಿ ನಾನು ತೂತಿಗೆ ಬಾಯಿಟ್ಟು ಹೇಳಿದೆ: “ಲೋ, ತಲೆ ಕೆಟ್ಟಿದೆಯಾ ನಿನಗೆ? ಹೋಗಿ ಸತ್ಯ ಹೇಳು. ಸೀಟು ಹೊಲಿದವಳು ಅಕ್ಕ ಅಂತ ಹೇಳು.”

“ಹೇಳಿದ್ರೆ ನಿನ್ನನ್ನೂ ಒಳಗೆ ಹಾಕ್ತಾರೆ.”

“ಹಾಕಲಿ.”

“ಇಬ್ಬರೂ ಒಳಗೆ ಬಂದ್ರೆ ಅವರಿಬ್ಬರನ್ನ ಯಾರು ನೋಡ್ತಾರೆ? ಅವಳಿಗೆ ಒಂದು ಗುಂಡಿ ಹೊಲಿಯೋಕೆ ಬರಲ್ಲ.” ಹೆಂಡತಿಯ ಬಗ್ಗೆ ಅವನು ಹೇಳಿದ್ದು. “ಅದಿರಲಿ, ನಮ್ಮ ವಕೀಲರು ಹೇಳಿದಾರೆ, ಬಿಳಿ ಅಂಗಿಯ ವಕೀಲ ಸುಮ್ಮನೆ ಬಿಡಲ್ಲವಂತೆ. ಸೀಟು ಹೇಗೆ ಹೊಲಿದೆ ತೋರಿಸು ಅಂತಲೂ ಕೇಳಬಹುದಂತೆ. ನಾನು ಇಲ್ಲಿ ಹೊಲಿಗೆ ವಿಭಾಗಕ್ಕೆ ಹಾಕಿಸಿಕೊಂಡಿದೀನಿ. ಆ ಕೊನೇ ಅಂಚು ಹೇಗೆ ಹಾಕೋದು, ತೋರಿಸು.”

ಆಗ ನಾನು ಎದ್ದು ಬರಬೇಕಿತ್ತು. ಅವನ ಮುಖ ನೋಡಿದೆ. ತೆಳ್ಳಗಾಗಿದ್ದ, ಕ್ಷೌರ ಸರಿಯಾಗಿ ಆಗಿರಲಿಲ್ಲ, ಕಣ್ಣಲ್ಲಿ ಮಾತ್ರ ಚಿಕ್ಕಂದಿನ ಅದೇ ಹಟ. ಜೇಬಿನಿಂದ ಕರವಸ್ತ್ರ ತೆಗೆದು ಎರಡು ಮಡಿಕೆ ಮಾಡಿ ಗಾಜಿಗೆ ಒತ್ತಿದೆ. ಎಡಗೈ ತೋರುಬೆರಳೇ ಸೂಜಿ. ಕೆಳಗಿನ ಮಡಿಕೆಯಿಂದ ಹೊರಗೆ, ಅಂಚಿನ ಮೇಲೆ ಹಾಯಿಸಿ, ಮತ್ತೆ ಒಳಗೆ. ಆಚೆ ಅವನೂ ಒಂದು ಕರವಸ್ತ್ರ ಹಿಡಿದು, ನನ್ನ ಬೆರಳು ಹೋದ ಕಡೆಗೇ ತನ್ನ ಬೆರಳು ಒಯ್ದ. ಪಹರೆಯವಳು ಹತ್ತಿರ ಬಂದಾಗ ಇಬ್ಬರೂ ಮೂಗು ಒರೆಸಿಕೊಳ್ಳುತ್ತಿದ್ದೆವು. ಹದಿನೈದು ದಿನಕ್ಕೊಂದು ಭೇಟಿ. ಐದು ಭೇಟಿಯಲ್ಲಿ ಅವನು ಕಲಿತ. “ಇಂಚಿಗೆ ಒಂಬತ್ತು ಹೊಲಿಗೆ ಹಾಕ್ತೀನಿ ಅಕ್ಕಾ, ನಿನ್ನ ಲೆಕ್ಕವೇ ಬಂತು” ಎಂದು ಹಿಗ್ಗಿದ. ಅಯ್ಯೋ, ಹಿಗ್ಗಿದ!

ಸಾಕ್ಷಿಯ ದಿನ ಗೊತ್ತಾಯಿತು. ಅದಕ್ಕೆ ಮೂರು ದಿನ ಮುಂಚೆ, ಮಧ್ಯಾಹ್ನ, ತಮ್ಮನ ಹೆಂಡತಿ ಶೆಡ್ಡಿಗೆ ಇಳಿದು ಬಂದಳು. “ಸುಮ್ಮನೆ ಕೂತು ಕೂತು ಹುಚ್ಚು ಹಿಡೀತಿದೆ ಅಕ್ಕಾ, ನನಗೂ ಏನಾದ್ರೂ ಕಲಿಸಿ” ಎಂದಳು. ಪಾಪ ಅನಿಸಿತು. ಬೆಂಚಿನ ಆ ಬದಿ ಅವಳನ್ನು ಕೂರಿಸಿ, ಈ ಬದಿ ನಾನು ಕೂತು, ಹಳೆಯ ರೆಕ್ಸಿನ್ನಿನ ತುಂಡು ಕೊಟ್ಟು ಕೊನೆಯ ಅಂಚು ತೋರಿಸಿದೆ. ಅರ್ಧ ಗಂಟೆಯಲ್ಲಿ ಅವಳು ಒಂದು ಗೇಣು ಹೊಲಿದು ಮುಂದೆ ಹಿಡಿದಳು. ಮೊದಲ ದಿನಕ್ಕೆ ವಾಸಿ. ಸುಮ್ಮನೆ ನನ್ನ ಹೊಲಿಗೆಯ ಪಕ್ಕದಲ್ಲಿ ಇಟ್ಟು ನೋಡಿದೆ.

ನನ್ನ ಹೊಲಿಗೆಗಳೆಲ್ಲ ಎಡಕ್ಕೆ ವಾಲಿದ್ದವು. ಅವಳವು ಬಲಕ್ಕೆ.

ಅವಳ ತಪ್ಪಿಲ್ಲ. ಎದುರಿಗೆ ಕೂತಿದ್ದಳು. ನನ್ನ ಎಡಗೈ ಇದ್ದದ್ದು ಅವಳ ಬಲಗೈಯ ಎದುರಿಗೆ. ಕನ್ನಡಿಯಲ್ಲಿ ನೋಡಿಕೊಂಡಂತೆ, ಅವಳು ಬಲಗೈಯಲ್ಲೇ ಎಲ್ಲವನ್ನೂ ಹಾಗೇ ತಿರುಗಿಸಿ ಕಲಿತಿದ್ದಳು. ತಮ್ಮನೂ ಗಾಜಿನಾಚೆ ಎದುರಿಗೇ ಕೂತಿದ್ದ, ಅವನದೂ ಬಲಗೈ. ಅವನ ಒಂಬತ್ತೂ ಹೊಲಿಗೆ ಬಲಕ್ಕೆ ವಾಲುತ್ತಿದ್ದವು. ಪೊಲೀಸರ ಬಳಿ ಇದ್ದ ಸೀಟಿನಲ್ಲಿ ನನ್ನ ಎಡಗೈ ಹೊಲಿಗೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಕುರುಡನಿಗೂ ಬೆರಳಿಗೆ ಸಿಗುತ್ತದೆ. ಹದಿನೇಳು ವರ್ಷದ ಕಸುಬುಗಾರ್ತಿಗೆ ಇದು ಹೊಳೆಯಲಿಲ್ಲವಲ್ಲ! ತಲೆ ಚಚ್ಚಿಕೊಳ್ಳಬೇಕೆನಿಸಿತು. “ಏನಾಯ್ತಕ್ಕಾ, ಅಷ್ಟು ಕೆಟ್ಟದಾಗಿದೆಯಾ?” ಎಂದು ಅವಳು ಕೇಳಿದಳು. “ಇಲ್ಲಮ್ಮ, ಚೆನ್ನಾಗಿದೆ” ಎಂದು ಎದ್ದುಬಿಟ್ಟೆ.

ನೆಟ್ಟಗೆ ವಕೀಲನ ಕಚೇರಿಗೆ ಹೋದೆ. “ನಮ್ಮ ಪಕ್ಕದ ಬೀದೀಲಿ ಒಬ್ಬರ ಕೇಸಿದೆ. ಅವರು ಹೇಳಿಕೇಲಿ ಒಂದು ಸಣ್ಣ ಸುಳ್ಳು ಸೇರಿಸಿಬಿಟ್ಟಿದಾರೆ...”

“ಪಕ್ಕದ ಬೀದಿಯವರು ಈಗ ನನ್ನ ಮುಂದೆ ಕೂತಿದಾರಾ?”

ನಾನು ನೆಲ ನೋಡಿದೆ. ಎಳೆಯ ವಕೀಲ ಎಂದು ಹಗುರ ಮಾಡಿದ್ದೆನಲ್ಲ, ಅವನು ಎದ್ದು ಬಾಗಿಲು ಹಾಕಿ ಬಂದ. “ಬರೀ ಕಾನೂನು ಹೇಳ್ತೀನಿ ಕೇಳಿ. ಪ್ರಮಾಣ ಮಾಡೋಕ್ಕಿಂತ ಮುಂಚೆ ಅವನೇ ಬಾಯಿ ಬಿಟ್ಟು ತಿದ್ದಿಕೊಂಡ್ರೆ ಅದು ತಿದ್ದುಪಡಿ, ಒಪ್ಪಂದ ಉಳಿಯುತ್ತೆ. ಕಟಕಟೆಯಲ್ಲಿ ಎದುರಿನವರು ಹಿಡಿದ್ರೆ ಅದು ಸುಳ್ಳು, ಹದಿನೈದು. ಬೇರೆ ಯಾರೋ ಬಂದು ಅವನ ಪರವಾಗಿ ಹೇಳಿದ್ರೆ ಸಾಲದು, ಅವನ ಬಾಯಿಂದಲೇ ಬರಬೇಕು. ನಾಳೆ ಜೈಲಿಗೆ ಹೋಗಿ ಕೇಳಿ ನೋಡ್ತೀನಿ. ಇನ್ನೊಂದು ಮಾತು. ಆ ಪಕ್ಕದ ಬೀದಿಯ ಅಕ್ಕನಿಗೆ ಬೇರೆ ವಕೀಲರು ಬೇಕಾಗುತ್ತೆ.”

ಮಾರನೆಯ ದಿನ ಅವನು ಹೋಗಿ ಬಂದ. ತಮ್ಮ ಹೇಳಿದ್ದು ಇಷ್ಟೇ ಅಂತೆ: “ನಾನೇ ಹೊಲಿದಿದ್ದು. ಇಂಚಿಗೆ ಒಂಬತ್ತು.”

ಉಳಿದದ್ದು ಒಂದು ದಿನ. ಕೊನೆಗೆ ಒಂದು ಉಪಾಯ ಹೂಡಿದೆ. ನಾನು ಅವನಂತಲ್ಲ, ನನಗೆ ಸುಳ್ಳು ಸಲೀಸು. ತಮ್ಮನೇ ಕಳಿಸಿದ್ದಾನೆ ಎಂದು ಸರ್ಕಾರಿ ವಕೀಲೆಯ ಬಳಿ ಹೋಗುವುದು, ಅವರು ಅವನನ್ನು ಕರೆಸಿ ಕೇಳುವಂತೆ ಮಾಡುವುದು. ನನ್ನನ್ನು ಎದುರಿಗೇ ನೋಡಿದರೆ ಅವನಿಗೆ ಹೇಳದೆ ದಾರಿ ಇರುವುದಿಲ್ಲ. ನನ್ನ ಪಾಲಿಗೂ ಒಂದು ಮಾತು ಸಿದ್ಧಮಾಡಿಕೊಂಡೆ: “ಹೊಲಿದದ್ದು ನಿಜ, ಒಳಗೆ ಏನು ಹೋಗ್ತಿತ್ತು ಅನ್ನೋದು ಗೊತ್ತಿರಲಿಲ್ಲ.” ಅರ್ಧ ಸತ್ಯ. ಅದಕ್ಕೆ ದಂಡವೋ ಎಚ್ಚರಿಕೆಯೋ ಆಗಿ ಮುಗಿಯುತ್ತದೆ, ಮನೆಯವರನ್ನು ನೋಡಿಕೊಳ್ಳಲು ನಾನು ಹೊರಗಿರುತ್ತೇನೆ. ಕನ್ನಡಿ ಮುಂದೆ ನಾಲ್ಕು ಸಲ ಹೇಳಿ ನೋಡಿದೆ, ನನಗೇ ನಂಬಿಕೆ ಬಂತು.

ಸಾಕ್ಷಿಯ ದಿನ ಬೆಳಿಗ್ಗೆ ಕೋರ್ಟಿನ ಎರಡನೇ ಮಹಡಿ ಹತ್ತಿದೆ. ಓಣಿಯ ಗೋಡೆಗೆ ಒರಗಿಸಿ ನನ್ನ ಸೀಟು ಇಟ್ಟಿದ್ದರು. ಪ್ಲಾಸ್ಟಿಕ್ ಹಾಳೆ ಸುತ್ತಿ, ಕೆಂಪು ಮೊಹರು ಒತ್ತಿದ ಚೀಟಿ ಕಟ್ಟಿದ್ದರು. ಅದರ ಪಕ್ಕ ಹಾದುಹೋಗುವಾಗ ಅದನ್ನು ನೋಡದಿರಲು ಪ್ರಯತ್ನಪಟ್ಟೆ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಕತೆಯಾಗಬಾರದಲ್ಲ. ಸರ್ಕಾರಿ ವಕೀಲೆ ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಕಡತ ಓದುತ್ತಿದ್ದರು.

“ಮೇಡಂ, ನಾನು ಮೇಸ್ತ್ರಿಯ ಅಕ್ಕ. ಅವನು ಹೇಳಿ ಕಳಿಸಿದಾನೆ. ಹೇಳಿಕೇಲಿ ಒಂದು ತಪ್ಪಿದೆಯಂತೆ, ಪ್ರಮಾಣಕ್ಕೆ ಮುಂಚೆ ತಿದ್ದಬೇಕಂತೆ.”

ಅವರು ಗಡಿಯಾರ ನೋಡಿದರು. ನಲವತ್ತು ನಿಮಿಷ ಇತ್ತು. ಪೇದೆಗೆ ಹೇಳಿ ತಮ್ಮನನ್ನು ಕರೆಸಿದರು, ನಮ್ಮ ವಕೀಲನೂ ಓಡಿಬಂದ. ತಮ್ಮನ ಕೈಗೆ ಬೇಡಿ ಇತ್ತು. ನನ್ನನ್ನು ಕಂಡದ್ದೇ ಬಾಗಿಲಲ್ಲೇ ನಿಂತ.

“ಏನೋ ತಿದ್ದಬೇಕು ಅಂತ ನಿಮ್ಮ ಅಕ್ಕನ ಹತ್ತಿರ ಹೇಳಿ ಕಳಿಸಿದಿರಂತೆ?”

“ಇಲ್ಲ ಮೇಡಂ,” ಎಂದ ತಮ್ಮ. “ನಾನು ಹೇಳಿ ಕಳಿಸಿಲ್ಲ.”

ಹಾಳಾದವನೇ! ಎಂದು ಮನಸ್ಸಿನಲ್ಲಿ ಕೂಗಿದೆ. ಇಷ್ಟು ದೊಡ್ಡ ಸುಳ್ಳನ್ನು ನಾಲ್ಕು ತಿಂಗಳು ಹೊತ್ತವನಿಗೆ ಇದೊಂದು ಚಿಕ್ಕ ಸುಳ್ಳು ಹೊರಲು ಆಗಲಿಲ್ಲ. ಸರ್ಕಾರಿ ವಕೀಲೆಯ ಮುಖ ಬಿಗಿಯಾಯಿತು. ಕನ್ನಡಕ ಕೆಳಗಿಳಿಸಿ ನನ್ನನ್ನೂ ಅವನನ್ನೂ ನೋಡಿದರು.

“ಸರಿ. ಹಾಗಾದ್ರೆ ಹೇಳಿಕೆಯಲ್ಲಿ ತಪ್ಪಿಲ್ಲ, ಅಲ್ವಾ?”

ಅವನು ಬೇಡಿಯ ಕೈಯಲ್ಲೇ ಮೇಜಿನ ಅಂಚನ್ನು ಗೇಣು ಹಾಕತೊಡಗಿದ. ಒಂದು ಗೇಣು, ಎರಡು ಗೇಣು. ಫ್ಯಾನು ಕಟಕಟ ಎನ್ನುತ್ತಿತ್ತು. ನನಗೆ ತಡೆಯಲಾಗಲಿಲ್ಲ.

“ನಿನ್ನ ಹೊಲಿಗೆ ಉಲ್ಟಾ ವಾಲುತ್ತೆ ಕಣೋ ಪೆದ್ದೇ! ಗಾಜಿನ ಆ ಕಡೆಯಿಂದ ನೋಡಿ ಕಲಿತೆ ನೀನು. ಆ ಲಾಯರು ಸೂಜಿ ಕೊಟ್ಟ ತಕ್ಷಣ ಸಿಕ್ಕಿಬೀಳ್ತೀಯ. ನಿನ್ನ ಮಗಳಿಗೆ ಇಪ್ಪತ್ತೊಂದಾಗುತ್ತೆ. ಹೇಳು!”

“ನಿನಗೇನಾಗುತ್ತೆ?”

“ನನಗೇನು ಧಾಡಿ, ನಾನು ಗಟ್ಟಿ ಹೆಂಗಸು. ಹೇಳೋ!”

ಅವನು ಗೇಣು ಹಾಕುವುದನ್ನು ನಿಲ್ಲಿಸಿದ. ಕಣ್ಣು ಮೇಜಿನ ಮೇಲೇ ಇತ್ತು. “ಸೀಟು ಹೊಲಿದವಳು ಅಕ್ಕ. ಏಳೂ ಅವಳೇ ಹೊಲಿದಳು. ನಾನು ಹೊಲಿದೆ ಅಂದದ್ದು ಸುಳ್ಳು.”

“ತಿದ್ದುಪಡಿ, ಮೇಡಂ. ಪ್ರಮಾಣಕ್ಕೆ ಮುಂಚೆ, ಸ್ವಂತ ಬಾಯಿಂದ,” ಎಂದು ನಮ್ಮ ವಕೀಲ ಉಸಿರು ಬಿಡದೆ ಹೇಳಿದ. ನನಗೂ ಉಸಿರು ಬಂತು. ಆಯಿತು, ಇಲ್ಲಿಗೆ ನಿಂತಿತು ಎಂದುಕೊಂಡೆ. ನನ್ನ ಅರ್ಧ ಸತ್ಯವನ್ನು ನಾಲಿಗೆಯ ತುದಿಗೆ ತಂದುಕೊಂಡೆ.

ತಮ್ಮ ನಿಲ್ಲಿಸಲಿಲ್ಲ. “ಮೊದಲ ಮೂರು ಗೊತ್ತಿಲ್ಲದೆ ಹೊಲಿದಳು. ಮೂರನೇ ವ್ಯಾನು ವಾಪಸ್ ಬಂದಾಗ ಪುಡಿ ಸಿಕ್ತು, ಅಂಗೈಯಲ್ಲಿ ಹಿಡಿದು ಅವಳಿಗೆ ತೋರಿಸಿದೆ. ಆಮೇಲೆ ನಾಲ್ಕು, ಗೊತ್ತಿದ್ದೇ ಹೊಲಿದಳು.”

“ತೋರಿಸಿದಾಗ ಅವರೇನಂದರು?”

“ಇಣುಕೋದು ನಿನ್ನ ಕೆಲಸ ಅಲ್ಲ, ಮುಚ್ಚಳ ಸರಿಮಾಡು ಅಂದಳು.” ಆಗ ಮೊದಲ ಸಲ ನನ್ನ ಕಡೆ ನೋಡಿದ. “ಹೇಳಿದ್ದು ಅವಳು. ಮಾಡಿದ್ದು ನಾನು.”

ಅಲ್ಲೇ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಹೇಳು ಎಂದರೆ ಇಷ್ಟೂ ಹೇಳುತ್ತಾರೆಯೇ? ಕೋಪ, ಭಯ, ಎರಡೂ ಒಟ್ಟಿಗೆ ನೆತ್ತಿಗೇರಿದವು. ಸರ್ಕಾರಿ ವಕೀಲೆ ನನ್ನ ಕಡೆ ತಿರುಗಿದರು.

“ನಿಮಗೆ ಗೊತ್ತಿತ್ತಾ?”

ನಮ್ಮ ವಕೀಲ ನಡುವೆ ಬಂದ. “ಅಕ್ಕಾ, ನೀವು ಉತ್ತರ ಕೊಡಬೇಕಾಗಿಲ್ಲ. ಮೊದಲು ನಿಮ್ಮ ವಕೀಲರನ್ನ ಕೇಳಿ.”

“ಕೊಡಬೇಕಾಗಿಲ್ಲ, ನಿಜ,” ಎಂದರು ಸರ್ಕಾರಿ ವಕೀಲೆ. “ಆದ್ರೆ ಇವರು ಒಂದು ಸಲ ಸುಳ್ಳು ಹೇಳಿದಾರೆ. ಈಗ ಹೇಳಿದ್ದು ನಿಜವೋ ಅಲ್ವೋ ನನಗೆ ಗೊತ್ತಾಗಬೇಕು. ಗೊತ್ತಾಗದೆ ಇವರನ್ನ ನಾನು ಕಟಕಟೆ ಹತ್ತಿಸಲ್ಲ. ಹತ್ತಿಸದಿದ್ರೆ ಒಪ್ಪಂದ ಇಲ್ಲ.”

ಸುಮ್ಮನಿದ್ದರೆ ನಾನು ಮನೆಗೆ ಹೋಗಬಹುದಿತ್ತು. “ಇಲ್ಲ” ಎಂದರೂ ಹೋಗಬಹುದಿತ್ತು. ಗೊತ್ತಿತ್ತು ಎನ್ನಲು ಇದ್ದದ್ದು ಅವನ ಮಾತೊಂದೇ, ಬೇರೆ ಸಾಕ್ಷಿ ಇರಲಿಲ್ಲ. ಸತ್ಯವಾಗಿ ಹೇಳುತ್ತೇನೆ, ಆ ಕ್ಷಣ ನಾನು ಬಾಗಿಲ ಕಡೆ ನೋಡಿದೆ. ತಮ್ಮ ಅದನ್ನು ಕಂಡ. ಕಂಡು ತಲೆ ತಗ್ಗಿಸಿದ, ಬಾಯಿ ಬಿಡಲಿಲ್ಲ. ಒಂದು ಮಾತು ಬೇಡಿಕೊಂಡಿದ್ದರೂ ನನಗೆ ಸಿಟ್ಟು ಬರುತ್ತಿತ್ತು, ಹೊರಟುಬಿಡುತ್ತಿದ್ದೆನೇನೋ.

“ಗೊತ್ತಿತ್ತು,” ಎಂದೆ. “ಅವನು ಹೇಳಿದ್ದು ಒಂದೊಂದು ಅಕ್ಷರವೂ ಸರಿ. ಆಗ ನನ್ನ ಮಾತು ಕೇಳದಿದ್ದಿದ್ರೆ ಅವನು ಇವತ್ತು ಇಲ್ಲಿ ಇರ್ತಿರಲಿಲ್ಲ.”

ಸರ್ಕಾರಿ ವಕೀಲೆ ಅದನ್ನು ಬರೆಸಿಕೊಂಡು ನನ್ನ ಸಹಿ ಹಾಕಿಸಿದರು. ಇಬ್ಬರು ಪೊಲೀಸಮ್ಮಂದಿರು ಬಂದು ನನ್ನ ಅಕ್ಕಪಕ್ಕ ನಿಂತರು. ನನಗೆ ಹೊರಗೆ ಹೋಗುವ ಹಾಗಿರಲಿಲ್ಲ, ಕೋರ್ಟಿನ ಕೊನೆಯ ಬೆಂಚಿನಲ್ಲಿ ಅವರಿಬ್ಬರ ನಡುವೆ ಕೂರಿಸಿದರು.

ಕೊನೆಗೆ ಬಿಳಿ ಅಂಗಿಗೆ ಇಪ್ಪತ್ತು ವರ್ಷವಾಯಿತು, ತಮ್ಮನಿಗೆ ಮೂರು, ನನಗೆ ಎರಡು. ತಮ್ಮನ ಹೆಂಡತಿ ನನ್ನ ಯಂತ್ರದ ಮುಂದೆ ಕೂತು ಬೈಕುಗಳ ಸೀಟು ಹೊಲಿದು ಮಗಳನ್ನು ಸಾಕಿದಳು. ಅದೆಲ್ಲ ಆಮೇಲಿನದು. ಆ ದಿನ ಕೋರ್ಟಿನಲ್ಲಿ ಏನಾಯಿತು ಎನ್ನುವುದೊಂದು ಹೇಳಿ ಮುಗಿಸುತ್ತೇನೆ.

ತಮ್ಮ ಎರಡು ಗಂಟೆ ಸಾಕ್ಷಿ ಹೇಳಿದ. ಏಳು ವ್ಯಾನು, ಏಳು ಡಬ್ಬ, ಉದ್ದ, ಅಗಲ, ಆಳ, ಬಂದ ದಿನ, ಹೋದ ದಿನ. ಬಿಳಿ ಅಂಗಿ ಅಲ್ಲೂ ಬಿಳಿ ಅಂಗಿಯಲ್ಲೇ ಕೂತಿದ್ದ. ಪಾಟೀಸವಾಲಿಗೆ ಅವನ ವಕೀಲ ಎದ್ದ. ಸೀಟನ್ನು ತರಿಸಿ ಮೇಜಿನ ಮೇಲೆ ಇಡಿಸಿದ. ಕೈಯಲ್ಲಿ ರೆಕ್ಸಿನ್ನಿನ ತುಂಡು, ದಾರ ಪೋಣಿಸಿದ ಬಾಗಿದ ಸೂಜಿ.

“ಈ ಅಂಚು ಯಾರು ಹೊಲಿದದ್ದು ಮೇಸ್ತ್ರೀ?”

“ನಮ್ಮ ಅಕ್ಕ.”

ವಕೀಲ ಸೂಜಿಯನ್ನು ರೆಕ್ಸಿನ್ನಿಗೆ ಚುಚ್ಚಿ ಪಕ್ಕಕ್ಕಿಟ್ಟ. ಕಾಗದ ತಿರುವಿದ, ಮತ್ತೆ ದನಿ ಏರಿಸಿದ. “ನಿಮ್ಮ ಹೇಳಿಕೆಯಲ್ಲಿ ನಾನೇ ಹೊಲಿದೆ ಅಂತ ಇದೆ. ಅಂದ್ರೆ ಅಕ್ಕನ್ನ ಉಳಿಸೋಕೆ ಸರ್ಕಾರಕ್ಕೇ ಸುಳ್ಳು ಹೇಳಿದವರು ನೀವು. ಶಿಕ್ಷೆ ಕಮ್ಮಿ ಆಗುತ್ತೆ ಅಂದ್ರೆ ಇನ್ನೆಷ್ಟು ಸುಳ್ಳು ಹೇಳೋಕೂ ಹೇಸಲ್ಲ, ಅಲ್ವಾ? ನಿಮ್ಮ ಉಳಿದ ಮಾತನ್ನ ಯಾರಾದ್ರೂ ಯಾಕೆ ನಂಬಬೇಕು?”

ತಮ್ಮ ಕೊನೆಯ ಬೆಂಚಿನ ಕಡೆ ನೋಡಿದ. ಇಬ್ಬರು ಪೊಲೀಸಮ್ಮಂದಿರ ನಡುವೆ ನಾನಿದ್ದೆ.

“ಸುಳ್ಳು ಹೇಳೋಕೆ ನನಗೆ ಇದ್ದಿದ್ದು ಒಂದೇ ಕಾರಣ ಸ್ವಾಮಿ,” ಎಂದ. “ಅವಳನ್ನೂ ಇವತ್ತು ಬೆಳಿಗ್ಗೆ ನಾನೇ ಹಿಡಿದುಕೊಟ್ಟೆ. ಇನ್ನು ಯಾರಿಗೋಸ್ಕರ ಸುಳ್ಳು ಹೇಳಲಿ?”

ನ್ಯಾಯಾಧೀಶರು ಅದನ್ನು ಹಾಗೇ ಬರೆದುಕೊಳ್ಳಲು ಹೇಳಿದರು. ಬೇರೆ ಪ್ರಶ್ನೆ ಇಲ್ಲ ಎಂದು ವಕೀಲ ಕೂತ. ತಮ್ಮ ಕಟಕಟೆಯ ಕಂಬಿ ಹಿಡಿದುಕೊಂಡು ಎಲ್ಲರೆದುರು ಬಿಕ್ಕಿ ಬಿಕ್ಕಿ ಅಳತೊಡಗಿದ. ನಾನು ಎದ್ದು ಅವನ ಹತ್ತಿರ ಹೋಗಲು ನೋಡಿದೆ. ಪೊಲೀಸಮ್ಮ ತೋಳು ಹಿಡಿದು ಕೂರಿಸಿದಳು.